ತಮಿಳು ಮಾತಾಡುವ ಅಮೆರಿಕದ ದೆವ್ವ

ಹೊಸೂರು, ತಾಳವಾಡಿ ಕಡೆಯ ಕನ್ನಡಿಗರಿಗೆ 'ಪೇಯ್ ಪಡಂ' ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅದು ದೆವ್ವದ ಸಿನಿಮಾ. ಆದರೆ ಅದೇ ಸಿನಿಮಾದಲ್ಲಿ 'ಆವಿ' ಎಂಬ ಮಾತು ಬಂದರೆ ಮನೆಯ ಹಿರಿಯರು ಗಲಿಬಿಲಿಯಾಗುವುದುಂಟು. ಕನ್ನಡದಲ್ಲಿ ಆವಿ ಎಂದರೆ ಕುದಿಯುವ ನೀರಿನಿಂದ ಏಳುವ ಹಬೆ. ತಮಿಳಿನಲ್ಲಿ ಹಬೆಯೂ ಹೌದು, ಸತ್ತವರ ಆತ್ಮವೂ ಹೌದು.

ತಮಿಳಿಗೆ ಡಬ್ ಆಗಿರುವ ಹಾಲಿವುಡ್ ಹಾರರ್ ಚಿತ್ರಗಳಲ್ಲಿ 'ದಿ ಕಾಂಜುರಿಂಗ್' ಸರಣಿ ಹೆಸರುವಾಸಿ. ಜೇಮ್ಸ್ ವಾನ್ ನಿರ್ದೇಶನದ ಮೊದಲ ಚಿತ್ರ ಬಂದದ್ದು 2013ರಲ್ಲಿ. ಅದರ ಬೆನ್ನಿಗೇ 'ಅನಾಬೆಲ್' (2014), 'ಕಾಂಜುರಿಂಗ್ 2' (2016), 'ದಿ ನನ್' (2018) ಮುಂತಾದವು ಬಂದವು.

ತಮಿಳಿನಲ್ಲೇ ಏಕೆ?

1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ವಿರೋಧಿಸುತ್ತಾ ಬಂದಿತ್ತು. ಹೀಗಾಗಿ ಹಾಲಿವುಡ್ ಚಿತ್ರಗಳು ತಮಿಳು, ತೆಲುಗು ಮಾತಾಡಿದರೂ ಕನ್ನಡ ಮಾತಾಡಲಿಲ್ಲ. ಈ ಅಡ್ಡಿ ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆಕಂಡಿತು. 2022ರಲ್ಲಿ 'ಅವತಾರ್'ನ ಎರಡನೇ ಭಾಗ ಕನ್ನಡದಲ್ಲೂ ಬಂತು. ಬಹುಕಾಲ ಇಂಗ್ಲಿಷ್ ಬಾರದ ಗಡಿ ಕನ್ನಡಿಗರಿಗೆ ಹಾಲಿವುಡ್ಡನ್ನು ಅರ್ಥ ಮಾಡಿಸಿದ್ದು ನೆರೆಯವರ ಭಾಷೆಯೇ.

ಡಬ್ ಆಗುವುದು ಯಾವುದು?

ಡಬ್ಬಿಂಗಿನಲ್ಲಿ ಮಾತು ಮಾತ್ರ ಬದಲಾಗುತ್ತದೆ. ಸಂಗೀತ, ಬಾಗಿಲ ಕಿರುಗುಟ್ಟುವಿಕೆ, ಹೆಜ್ಜೆ ಸಪ್ಪಳ ಬೇರೆ ಧ್ವನಿಪಟ್ಟಿಯಲ್ಲಿರುವುದರಿಂದ ಹಾಗೇ ಉಳಿಯುತ್ತವೆ. 'ಕಾಂಜುರಿಂಗ್'ನಲ್ಲಿ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಾಳೆ ಕೇಳಿದ ಕಡೆ ಹುಡುಕುವ ಆಟ ಆಡುತ್ತಾರೆ. ಮುಂದೆ ಕತ್ತಲಲ್ಲಿ ತಾಯಿಯ ಬೆನ್ನ ಹಿಂದೆ ಎರಡು ಕೈಗಳು ಚಪ್ಪಾಳೆ ತಟ್ಟುತ್ತವೆ. ಆ ಚಪ್ಪಾಳೆಗೆ ಅನುವಾದ ಬೇಕಿಲ್ಲ.

ಮಾತಿನ ಕೆಲಸ ಕಷ್ಟದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬಂದರೆ ತಮಿಳಿನಲ್ಲಿ, ಕನ್ನಡದಂತೆಯೇ, ಕೊನೆಗೆ ಬರುತ್ತದೆ. ತೆರೆಯ ಮೇಲೆ ತುಟಿ ಮುಚ್ಚಿದಾಗ ಪ, ಬ, ಮ ಅಕ್ಷರ ಬಿದ್ದರೆ ಚೆನ್ನ. ದೆವ್ವ ಹೊಕ್ಕವಳ ದನಿಯನ್ನಂತೂ ಕಲಾವಿದೆ ಹೊಸದಾಗಿಯೇ ಕೊಡಬೇಕು.

ನಿಜವೆಷ್ಟು?

ಭಾಷೆ ಹತ್ತಿರವಾದಂತೆ ಭಯವೂ ಹತ್ತಿರವಾಗುತ್ತದೆ. ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲಿಯದೋ ಕಥೆ. ತಮಿಳಿನಲ್ಲಿ ಕೇಳಿದರೆ ಪಕ್ಕದೂರಿನ ಸುದ್ದಿ. ಅದರ ಮೇಲೆ 'ನಿಜ ಘಟನೆ ಆಧಾರಿತ' ಎಂದರೆ ನಂಬುವವರು ನಂಬಿಯೇ ಬಿಡುತ್ತಾರೆ. ಆದ್ದರಿಂದ ಕೆಲವು ಸಂಗತಿ ತಿಳಿದಿರಲಿ.

ಪೆರಾನ್ ಕುಟುಂಬ ಇದ್ದದ್ದು ನಿಜ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಹ್ಯಾರಿಸ್‌ವಿಲ್‌ನಲ್ಲಿ ಒಂದು ಹಳೆಯ ತೋಟದ ಮನೆಗೆ ಅವರು 1971ರಲ್ಲಿ ಬಂದರು. ಸಿನಿಮಾ ನೋಡಿದರೆ ಎಲ್ಲವೂ ಕೆಲವೇ ದಿನಗಳಲ್ಲಿ ಮುಗಿದಂತೆ ಕಾಣುತ್ತದೆ. ಆದರೆ ಕುಟುಂಬ 1980ರವರೆಗೂ ಅದೇ ಮನೆಯಲ್ಲಿತ್ತು. ಚಿತ್ರದಲ್ಲಿ ಮಾಟಗಾತಿಯಾಗಿ ಬರುವ ಬತ್‌ಶೀಬಾ 19ನೇ ಶತಮಾನದಲ್ಲಿ ಆ ಸೀಮೆಯಲ್ಲಿ ಬಾಳಿದ ಸಾಮಾನ್ಯ ಹೆಂಗಸು. ಆಕೆ ಮಾಟ ಮಾಡಿದಳೆಂಬುದಕ್ಕೆ ದಾಖಲೆಯಿಲ್ಲ. ಅನಾಬೆಲ್ ಗೊಂಬೆ ಕೂಡ ಸಿನಿಮಾದಲ್ಲಿರುವಂತೆ ವಿಕಾರ ಮುಖದ್ದಲ್ಲ, ಮಕ್ಕಳಾಡುವ ಬಟ್ಟೆ ಗೊಂಬೆ.

ಸತ್ತು ನೂರು ವರ್ಷ ಕಳೆದ ಹೆಂಗಸಿಗೆ ಮಾಟಗಾತಿ ಎಂಬ ಹೆಸರು ಅಂಟಿಸುವುದು ಸುಲಭ, ಅಲ್ಲಗಳೆಯಲು ಆಕೆ ಬರುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಬದುಕಿರುವವರಿಗೇ ಇಂಥ ಹೆಸರು ಅಂಟಿದರೆ ಬಾಳು ಹಾಳಾಗುತ್ತದೆ. ಪರದೆಯ ಮೇಲಿನದನ್ನು ಬೀದಿಗೆ ತರಬಾರದು ಎನ್ನುವುದು ಇದಕ್ಕೇ.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ ಮೈಮೇಲೆ ದೇವರೂ ಬರುತ್ತದೆ, ದೆವ್ವವೂ ಬರುತ್ತದೆ. ಈ ಚಿತ್ರಗಳಲ್ಲಿ ಬರುವುದು ಸೈತಾನನ ಕಡೆಯದು ಮಾತ್ರ. ಅದನ್ನು ಬಿಡಿಸುವ ವಿಧಿ ಕ್ಯಾಥೊಲಿಕ್ ಸಂಪ್ರದಾಯದ್ದು. ಬಿಷಪ್ಪರ ಅನುಮತಿಯಿಲ್ಲದೆ ಪಾದ್ರಿ ಅದನ್ನು ಮಾಡುವಂತಿಲ್ಲ.

ಮಕ್ಕಳನ್ನು ಕೂರಿಸಿಕೊಂಡು ನೋಡುವ ಮುನ್ನ ಪ್ರಮಾಣಪತ್ರ ಗಮನಿಸಬೇಕು. 'ಎ' ಎಂದಿದ್ದರೆ 18 ತುಂಬಿದವರಿಗೆ ಮಾತ್ರ. ಮೊಬೈಲಿನಲ್ಲಿ ನೋಡುವಾಗ ತಡೆಯಲು ಗೇಟಿನಲ್ಲಿ ಯಾರೂ ನಿಂತಿರುವುದಿಲ್ಲ. ಆ ಕೆಲಸ ಮನೆಯವರದೇ.