ಉಕ್ಕಿನ ದಣಿವು, ಮೂಳೆಯ ದಣಿವು

ಶಾಲಾ ಕ್ರೀಡಾಕೂಟದ ದಿನಾಂಕ ಪ್ರಕಟವಾದ ಮೇಲೆ ಶಿವಮೊಗ್ಗ, ಭದ್ರಾವತಿಗಳ ಶಾಲೆಗಳಲ್ಲಿ ಏನಾಗುತ್ತದೆಂಬುದು ಶಿಕ್ಷಕರಾದ ನಿಮಗೆ ತಿಳಿದೇ ಇದೆ. ಜೂನ್‌ನಿಂದ ಸುರಿದ ಮಳೆಗೆ ಮೈದಾನ ಕೆಸರಾಗಿ ಅಭ್ಯಾಸ ನಿಂತಿರುತ್ತದೆ. ಉಳಿದಿರುವುದು ಮೂರೋ ನಾಲ್ಕೋ ವಾರ. ಅದುವರೆಗೆ ಓಡದಿದ್ದ ಮಕ್ಕಳು ಟಾರು ರಸ್ತೆಯ ಮೇಲೆ ದಿನವೂ ಓಡತೊಡಗುತ್ತಾರೆ. ಪೊಲೀಸ್ ಅಥವಾ ಸೈನ್ಯದ ನೇಮಕಾತಿಗೆಂದು 1600 ಮೀಟರ್ ಓಟಕ್ಕೆ ತಯಾರಾಗುವ ಯುವಕರದೂ ಇದೇ ಕಥೆ. ಕೆಲವೇ ವಾರಗಳಲ್ಲಿ ಕೆಲವರು ಕಣಕಾಲಿನ ಒಳಬದಿಯನ್ನು ಉಜ್ಜಿಕೊಳ್ಳುತ್ತ ಕೂರುತ್ತಾರೆ. 'ನೋವು ಬಂದರೆ ಕಾಲು ಗಟ್ಟಿಯಾಗುತ್ತಿದೆ ಎಂದರ್ಥ, ಓಡು' ಎಂಬ ಸಲಹೆಯೂ ಸಿಗುತ್ತದೆ. ಈ ಸಲಹೆ ಎಷ್ಟು ಸರಿ? ಉತ್ತರಕ್ಕಾಗಿ ನಾವು ಮೊದಲು ರೈಲುಗಾಡಿಯ ಅಚ್ಚಿನ ಕಡೆಗೆ ನೋಡಬೇಕು.

1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ತುಂಡಾಗಿ 50ಕ್ಕೂ ಹೆಚ್ಚು ಮಂದಿ ಸತ್ತರು. ಪ್ರತಿದಿನ ಅದೇ ಭಾರವನ್ನು ಹೊತ್ತು ಓಡುತ್ತಿದ್ದ ಅಚ್ಚು ಒಂದು ದಿನ ಏಕೆ ಮುರಿಯಬೇಕು? ಸ್ಕಾಟ್‌ಲೆಂಡಿನ ರ್‍ಯಾಂಕಿನ್ ಮುರಿದ ಅಚ್ಚುಗಳನ್ನು ಪರಿಶೀಲಿಸಿ, ಬಿರುಕು ಹೊರಮೈಯಲ್ಲಿ ಹುಟ್ಟಿ ನಿಧಾನವಾಗಿ ಒಳಗೆ ಬೆಳೆಯುತ್ತದೆ ಎಂದು ತೋರಿಸಿದ. ಮುಂದೆ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ 1850ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಅಚ್ಚುಗಳನ್ನು ತಿರುಗಿಸಿ, ಬಾಗಿಸಿ ಪ್ರಯೋಗ ನಡೆಸಿದ. ಒಂದೇ ಏಟಿಗೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ ಲಕ್ಷಾಂತರ ಬಾರಿ ಪುನರಾವರ್ತನೆಯಾದರೆ ಉಕ್ಕನ್ನು ಮುರಿಯುತ್ತದೆ. ಬಲ ಒಂದು ಮಿತಿಗಿಂತ ಕೆಳಗಿದ್ದರೆ ಮಾತ್ರ ಉಕ್ಕು ಉಳಿಯುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. ತರಗತಿಯಲ್ಲಿ ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿದು ತೋರಿಸಬಹುದು. (ಅದು ವ್ಯೋಲರ್‌ನ ಪ್ರಯೋಗಕ್ಕೆ ಪೂರ್ತಿ ಸಮನಲ್ಲ, ತಂತಿಯನ್ನು ನಾವು ತೀರ ಹೆಚ್ಚು ಬಾಗಿಸುತ್ತೇವೆ. ಆದರೂ ಮಕ್ಕಳಿಗೆ ವಿಷಯ ತಿಳಿಯುತ್ತದೆ.)

ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಬಳಸಿ 1923ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ವಿಶೇಷ ಉಕ್ಕುಗಳಿಗೆ ಹೆಸರಾದ ಕಾರ್ಖಾನೆಯ ಊರು ಭದ್ರಾವತಿ. ಅಲ್ಲಿನ ಓದುಗರಿಗೆ ಇದು ಪರಿಚಿತ ಸಂಗತಿಯೇ ಇರಬೇಕು. ತಿರುಗುವ ಯಾವ ಅಚ್ಚನ್ನು ವಿನ್ಯಾಸಗೊಳಿಸುವಾಗಲೂ ಎಷ್ಟು ಭಾರ ಎಂಬುದರ ಜೊತೆಗೆ ಎಷ್ಟು ಸಲ ಎಂದೂ ಕೇಳಲೇಬೇಕು.

ಅದೇ ಪ್ರಷ್ಯಾದಲ್ಲಿ, ಅದೇ ದಶಕದಲ್ಲಿ, 1855ರಲ್ಲಿ, ಬ್ರೈಟ್‌ಹಾಪ್ಟ್ ಎಂಬ ಸೇನಾ ವೈದ್ಯ ಇನ್ನೊಂದು ವಿಚಿತ್ರವನ್ನು ವರದಿ ಮಾಡಿದ. ದೀರ್ಘ ಕವಾಯತು ಮಾಡಿದ ಸೈನಿಕರ ಪಾದ ಊದಿ ನೋಯುತ್ತಿತ್ತು, ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಕಾರಣ ಕಾಣಲು ಇನ್ನೂ ನಾಲ್ಕು ದಶಕ ಬೇಕಾಯಿತು. 1895ರಲ್ಲಿ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. 1897ರಲ್ಲಿ ಷ್ಟೆಕೋವ್ ಅವುಗಳನ್ನು ಬಳಸಿ ಅಂಥ ಪಾದಗಳ ಮೂಳೆಗಳಲ್ಲಿ ಬಿರುಕುಗಳಿವೆ ಎಂದು ತೋರಿಸಿದ. ಮೂಳೆಯೂ ದಣಿಯುತ್ತದೆ!

ಓಟಗಾರರ ಕಣಕಾಲು ವೈದ್ಯರ ಗಮನ ಸೆಳೆದದ್ದು ಇನ್ನೂ ತಡವಾಗಿ. 1958ರಲ್ಲಿ ಬ್ರಿಟನ್ನಿನ ಡೆವಾಸ್, ಕ್ರೀಡಾಪಟುಗಳ ಈ ನೋವಿನ ಹಿಂದೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದ ದಣಿವು-ಬಿರುಕು ಇರುತ್ತದೆ ಎಂದು ಬರೆದ. 1966ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ 'ಶಿನ್ ಸ್ಪ್ಲಿಂಟ್ಸ್' ಎಂಬ ಹೆಸರಿಗೆ ವ್ಯಾಖ್ಯೆ ಕೊಡುವಾಗ ಬಿರುಕನ್ನು ಹೊರಗಿಟ್ಟು, ಇದು ಸ್ನಾಯು ಮತ್ತು ಸ್ನಾಯುಬಂಧಗಳ ಉರಿಯೂತ ಎಂದಿತು. ಸ್ಪ್ಲಿಂಟ್ ಎಂದರೆ ಮುರಿದ ಮೂಳೆಗೆ ಕಟ್ಟುವ ದಬ್ಬೆ. ಇಲ್ಲಿ ದಬ್ಬೆಯೂ ಇಲ್ಲ, ಸಾಮಾನ್ಯವಾಗಿ ಮುರಿತವೂ ಇಲ್ಲ. ಹೆಸರು ಚೆನ್ನಾಗಿಲ್ಲವೆಂದು 1980ರ ದಶಕದಿಂದ ತಜ್ಞರು 'ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್' ಎನ್ನತೊಡಗಿದರು. ಮೈದಾನದಲ್ಲಿ ಹಳೆಯ ಹೆಸರೇ ಉಳಿದಿದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಓಟದಲ್ಲಿ ಪಾದ ನೆಲಕ್ಕೆ ತಾಗಿದಾಗ ನೆಲ ಹಿಂದಕ್ಕೆ ಒತ್ತುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಒಂದು ಹೆಜ್ಜೆಗೆ ಒಂದು ಮೀಟರ್ ಎಂದಿಟ್ಟುಕೊಂಡರೆ, 5 ಕಿ.ಮೀ. ಓಟದಲ್ಲಿ ಒಂದೊಂದು ಕಾಲಿಗೂ 2500 ಏಟು. ಇಪ್ಪತ್ತು ದಿನಕ್ಕೆ 50,000. ಪ್ರತಿ ಏಟಿಗೂ ಟಿಬಿಯಾ ಬಿಲ್ಲಿನಂತೆ ತುಸು ಬಾಗುತ್ತದೆ. 1975ರಲ್ಲಿ ಲ್ಯಾನ್ಯನ್ ಮತ್ತು ಸಂಗಡಿಗರು ಬದುಕಿರುವ ಮನುಷ್ಯನ ಟಿಬಿಯಾಕ್ಕೆ ವಿಕೃತಿಮಾಪಕವನ್ನೇ ಅಂಟಿಸಿ ಇದನ್ನು ಅಳೆದರು. 1996ರಲ್ಲಿ ಬರ್ ಮತ್ತು ಸಂಗಡಿಗರು ಬಿರುಸಿನ ಓಟದಲ್ಲಿ ಅಳೆದಾಗಲೂ ವಿಕೃತಿ ಹತ್ತು ಲಕ್ಷಕ್ಕೆ 2000 ಭಾಗವನ್ನು ಮೀರಲಿಲ್ಲ. ಅಂದರೆ ಒಂದು ಮೀಟರಿಗೆ 2 ಮಿಲಿಮೀಟರ್. ಒಂದು ಸಲಕ್ಕೆ ಇದು ಮೂಳೆಗೆ ಲೆಕ್ಕಕ್ಕಿಲ್ಲ. 50,000 ಸಲವಾದರೆ ಸೂಕ್ಷ್ಮ ಬಿರುಕುಗಳು ಮೂಡುತ್ತವೆ.

ಇಲ್ಲಿಗೆ ಉಕ್ಕಿನ ಹೋಲಿಕೆ ಮುಗಿಯಿತು. ಉಕ್ಕಿನ ಅಚ್ಚಿಗೆ ವಿಶ್ರಾಂತಿ ಕೊಟ್ಟರೆ ಅದರ ಬಿರುಕು ಮುಚ್ಚುವುದಿಲ್ಲ. ಮೂಳೆಯದು ಹಾಗಲ್ಲ, ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ದುರಸ್ತಿಯ ಕ್ರಮವನ್ನು ಗಮನಿಸಿ. ಮೊದಲು ಒಂದು ಬಗೆಯ ಜೀವಕೋಶಗಳು ಹಾಳಾದ ಭಾಗವನ್ನು ಕೊರೆದು ತೆಗೆಯುತ್ತವೆ. ಇದಕ್ಕೆ ಸುಮಾರು ಮೂರು ವಾರ. ಆಮೇಲೆ ಮತ್ತೊಂದು ಬಗೆಯ ಕೋಶಗಳು ಆ ರಂಧ್ರವನ್ನು ತುಂಬುತ್ತವೆ. ಇದಕ್ಕೆ ಸುಮಾರು ಮೂರು ತಿಂಗಳು. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ನಮ್ಮ ಮಕ್ಕಳ ಓಟ ಬಿರುಸಾಗುವುದು ಸರಿಯಾಗಿ ಆಗಲೇ! ಸ್ವೀಡನ್ನಿನ ಸಂಶೋಧಕರು 2001ರಲ್ಲಿ, ಈ ನೋವು ಬಹುಕಾಲ ಕಾಡಿದ ಆಟಗಾರರ ಟಿಬಿಯಾದಲ್ಲಿ ನೋವಿರುವ ಭಾಗದ ಸಾಂದ್ರತೆ ತಗ್ಗಿರುವುದನ್ನೂ, 2003ರಲ್ಲಿ ಗುಣವಾದ ಮೇಲೆ ಅದು ಮರಳಿರುವುದನ್ನೂ ಪ್ರಕಟಿಸಿದರು. ಮೀನಖಂಡದ ಸ್ನಾಯು ಮೂಳೆಯ ಹೊರಪೊರೆಯನ್ನು ಎಳೆಯುವುದೇ ಕಾರಣ ಎನ್ನುವವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಭೌತವಿಜ್ಞಾನಿಯಾದ ನನಗೆ ಮೂಳೆಯ ದಣಿವಿನ ವಾದವೇ ಹೆಚ್ಚು ಒಪ್ಪಿಗೆ.

ಪರಿಹಾರದ ಇತಿಹಾಸ ಇನ್ನೂ ಚಿಕ್ಕದು. 1974ರಲ್ಲಿ ಆಂಡ್ರಿಶ್ ಮತ್ತು ಸಂಗಡಿಗರು ಅಮೆರಿಕದ ನೌಕಾ ಅಕಾಡೆಮಿಗೆ ಹೊಸದಾಗಿ ಸೇರಿದ 2777 ಮಂದಿಯನ್ನು ಗಮನಿಸಿದರು. ನೋವು ಬಂದ 97 ಮಂದಿಯಲ್ಲಿ ಕೆಲವರಿಗೆ ಬರೀ ವಿಶ್ರಾಂತಿ, ಉಳಿದವರಿಗೆ ವಿಶ್ರಾಂತಿಯ ಜೊತೆಗೆ ಆಸ್ಪಿರಿನ್, ಹಿಮ್ಮಡಿಯ ಸ್ನಾಯುರಜ್ಜು ಎಳೆಯುವ ವ್ಯಾಯಾಮ, ಪ್ಲಾಸ್ಟರ್ ಮುಂತಾದವು. ವಿಶ್ರಾಂತಿಗಿಂತ ಯಾವುದೂ ಮೇಲಾಗಲಿಲ್ಲ. 1990ರಲ್ಲಿ ದಕ್ಷಿಣ ಆಫ್ರಿಕಾದ ಸೈನಿಕರಲ್ಲಿ ಶೂ ಒಳಗಿನ ಮೆತ್ತೆ ಕಾಲಿನ ಇಂಥ ತೊಂದರೆಗಳನ್ನು ಕಡಿಮೆ ಮಾಡಿತು. ಮೆತ್ತೆ ಒಳ್ಳೆಯದೇ, ಆದರೆ ಏಟುಗಳ ಲೆಕ್ಕವನ್ನು ಅದು ಬದಲಿಸುವುದಿಲ್ಲ.

ಹೀಗಾಗಿ ಶಿಕ್ಷಕರ ಕೈಯಲ್ಲಿರುವ ನಿಜವಾದ ಔಷಧ ಕ್ಯಾಲೆಂಡರ್. ಜೂನ್‌ನಲ್ಲೇ, ಮಳೆಯಿದ್ದರೆ ಶಾಲೆಯ ಜಗಲಿಯಲ್ಲೋ ಸಭಾಂಗಣದಲ್ಲೋ, ಸ್ವಲ್ಪ ಜಿಗಿತ, ಸ್ವಲ್ಪ ಓಟ ಶುರುಮಾಡಿ. ವಾರದಿಂದ ವಾರಕ್ಕೆ ನಿಧಾನವಾಗಿ ಏರಿಸಿ, ನಡುನಡುವೆ ಓಟವಿಲ್ಲದ ದಿನ ಇರಲಿ. ಮಣ್ಣಿನ ಮೈದಾನ ಒಣಗಿದ ದಿನ ರಸ್ತೆಯನ್ನು ಬಿಡಿ. ಹೆಜ್ಜೆ ಉದ್ದವಾಗುವುದಕ್ಕಿಂತ ಚಿಕ್ಕದಾಗಿ ಚುರುಕಾಗಿರಲಿ. ನೋವು ಬಂದವರಿಗೆ ಓಟ ನಿಲ್ಲಿಸಿ. ಸೈಕಲ್ ತುಳಿಯಲಿ, ಈಜಲಿ. ಮಂಜುಗಡ್ಡೆಯಿಂದ ನೋವು ಶಮನವಾಗಬಹುದು. ನಡೆದಾಗ, ಒತ್ತಿದಾಗ ನೋಯದ ಮೇಲೆ ಅರ್ಧಕ್ಕಿಂತ ಕಡಿಮೆ ದೂರದಿಂದ ಮತ್ತೆ ಆರಂಭಿಸಿ. ಈ ವರ್ಷದ ಕೂಟ ತಪ್ಪಿದರೂ ಸರಿಯೇ.

ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಟಿಬಿಯಾದ ಒಳಅಂಚನ್ನು ಬೆರಳಿನಿಂದ ಒತ್ತುತ್ತ ಹೋಗಿ. ಐದು ಸೆಂ.ಮೀ. ಅಥವಾ ಹೆಚ್ಚು ಉದ್ದಕ್ಕೆ ನೋವಿದ್ದರೆ ಬಹುಶಃ ಶಿನ್ ಸ್ಪ್ಲಿಂಟ್ಸ್. ಬೆರಳ ತುದಿಯಷ್ಟೇ ಜಾಗದಲ್ಲಿ ತೀವ್ರ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಮಗುವನ್ನು ಮೂಳೆ ವೈದ್ಯರ ಬಳಿಗೆ ಕಳಿಸಿ. ಮೊದಲ ವಾರಗಳ ಎಕ್ಸ್-ರೇಯಲ್ಲಿ ದಣಿವಿನ ಬಿರುಕು ಕಾಣದೆ ಹೋಗುವುದೇ ಹೆಚ್ಚು. ಚಿತ್ರ ಸರಿಯಿದೆ ಎಂದು ಮರುದಿನವೇ ಓಡಿಸಬೇಡಿ.