ಕತೆಗೂ ಎರಡು, ಕತ್ತೆಗೂ ಎರಡು: ಮಗು ಪದ ಒಡೆಯುವ ಬಗೆ

ಮೂರನೆಯ ತರಗತಿಯ ಹುಡುಗಿಯೊಬ್ಬಳು ನನ್ನೆದುರು ಕೂತು 'ಪುಸ್ತಕ' ಎಂಬ ಪದವನ್ನು ಬೆರಳಿಟ್ಟು ಓದಿದಳು: 'ಪು... ಸ... ಸತ... ಕ'. ಕೂಡಿಸಿ ಹೇಳು ಎಂದರೆ ನನ್ನ ಮುಖ ನೋಡಿದಳು. ಚೀಲದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಮಾತ್ರ ತಟ್ಟನೆ 'ಪುಸ್ತಕ' ಎಂದಳು. ಬಾಯಿಗೆ ಬರುವ ಪದ ಕಣ್ಣಿಗೆ ಏಕೆ ದಕ್ಕಲಿಲ್ಲ?

ಬರಹದಲ್ಲಿ ಈ ಪದ ಪು-ಸ್ತ-ಕ, ಉಚ್ಚಾರದಲ್ಲಿ ಪುಸ್-ತ-ಕ. ಹಿಂದಿನ ಸ್ವರದೊಡನೆ ಮುಗಿಯಬೇಕಾದ ವ್ಯಂಜನವನ್ನು ಒತ್ತಕ್ಷರ ಮುಂದಿನ ಅಕ್ಷರಕ್ಕೆ ಗಂಟುಹಾಕುತ್ತದೆ. ಸೊನ್ನೆಯದು ಹಾಗಲ್ಲ: ಅಂ-ಗ-ಡಿ ಎಂಬಲ್ಲಿ ಕಣ್ಣೂ ಕಿವಿಯೂ ಒಂದೇ ಕಡೆ ಒಡೆಯುತ್ತವೆ. ಅರ್ಕಾವತ್ತಿನದು ಇನ್ನೂ ವಿಚಿತ್ರ. 'ಸೂರ್ಯ' ಎನ್ನುವಾಗ ಸೂಕಾರದ ಬೆನ್ನಿಗೇ ಕೇಳಿಸುವ ರಕಾರವನ್ನು ಬರೆಯುವುದು ಯ ಆದ ಮೇಲೆ.

ಪದ ಒಡೆಯುವುದನ್ನು ಕಲಿಸಲು ಚಪ್ಪಾಳೆ ತಟ್ಟಿಸುವುದುಂಟು. ಕತೆಗೆ ಎರಡು ಚಪ್ಪಾಳೆ, ಕತ್ತೆಗೂ ಎರಡೇ. ಎಣಿಕೆ ಸರಿಹೋಗುವುದರಿಂದ ಮಗು ಎಲ್ಲಿ ಒಡೆಯಿತೆಂಬುದು ಮೇಷ್ಟ್ರಿಗೆ ಗೊತ್ತೇ ಆಗುವುದಿಲ್ಲ. ಛಂದಸ್ಸಿನ ಲೆಕ್ಕದಲ್ಲಾದರೆ ಕತೆ ಎರಡು ಮಾತ್ರೆ, ಕತ್ತೆ ಮೂರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿಸುವಾಗ ಬಾಯಿಪಾಠ ಮಾಡಿಸುತ್ತೇವೆ. ಅದು ಮೂಲದಲ್ಲಿ ಕಿವಿಯ ನಿಯಮ. ಶಿಥಿಲದ್ವಿತ್ವವೇ ಸಾಕ್ಷಿ: ಬರಹದಲ್ಲಿ ಒತ್ತು ಇದ್ದರೂ ತೇಲಿಸಿ ಉಚ್ಚರಿಸಿದರೆ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ನಾಗವರ್ಮನ 'ಛಂದೋಂಬುಧಿ' ಹತ್ತನೆಯ ಶತಮಾನದ್ದು. ಅಷ್ಟು ಹಳೆಯ ತಿಳಿವಳಿಕೆಯನ್ನು ಎರಡನೆಯ ತರಗತಿಯಲ್ಲಿ ಬಳಸದೆ ಹೈಸ್ಕೂಲಿಗೆ ಎತ್ತಿಟ್ಟಿದ್ದೇವೆ.

ಇನ್ನೊಂದು ತೊಡಕು 'ಸ್ತ'ದಿಂದ ಶುರುಮಾಡಬೇಕಾದದ್ದು. ಅಚ್ಚಗನ್ನಡದ ಪದಗಳು ಸಾಮಾನ್ಯವಾಗಿ ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಸ್ನೇಹ ನೇಹವಾಯಿತು, ಸ್ಥಾನ ತಾಣವಾಯಿತು. ಸ್ಕೂಲು ಹಳ್ಳಿಯ ಬಾಯಲ್ಲಿ ಇಸ್ಕೂಲಾಯಿತು, ಅಂದರೆ ಇಸ್-ಕೂ-ಲು. ಒಂಟಿ ಸಕಾರಕ್ಕೆ ಆತುಕೊಳ್ಳಲು ಹಿಂದೊಂದು ಸ್ವರ ಸಿಕ್ಕಿತು. 'ಪು' ಎಂದು ನಿಲ್ಲಿಸಿ ಮುಂದಿನದನ್ನು ಓದು ಎನ್ನುವ ನಾವು, ಅಜ್ಜಿಯ ನಾಲಿಗೆ ಒಲ್ಲದ್ದನ್ನು ಮೊಮ್ಮಗಳಿಂದ ಕೇಳುತ್ತಿದ್ದೇವೆ.

ಕನ್ನಡ ಓದಿನ ಕಲಿಕೆ ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಜ್ಞಾನ ಪಕ್ವವಾಗುವ ಕೆಲಸ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನ. ಒತ್ತಕ್ಷರದಲ್ಲಿ ಎಡವುವ ಮಗುವನ್ನು ದಡ್ಡು ಎನ್ನುವ ಮೊದಲು ಇದು ನೆನಪಿರಲಿ.

ಉದ್ದನೆಯ ಪದಗಳ ಕಷ್ಟ ಬೇರೆ. 'ಕುಳಿತುಕೊಂಡಿದ್ದವರಲ್ಲಿ' ಎಂಬುದರಲ್ಲಿ 9 ಅಕ್ಷರ. ಅರ್ಥದ ಬೆಸುಗೆ ಇಲ್ಲಿ ಅಕ್ಷರದ ಹೊಟ್ಟೆಯೊಳಗಿದೆ: 'ಡಿ'ಯ ಡಕಾರ 'ಕೊಂಡು'ವಿನದು, ಇಕಾರ 'ಇದ್ದ'ದ್ದು. ಲೋಪಸಂಧಿಯಾದಲ್ಲೆಲ್ಲ ಇದೇ ಪಾಡು. ಇಂಥ ಪದವನ್ನು ಒಡೆಸುವುದಕ್ಕಿಂತ ಬೆಳೆಸುವುದು ಮೇಲು: ಕುಳಿತು, ಕುಳಿತುಕೊಂಡು, ಕುಳಿತುಕೊಂಡಿದ್ದ, ಕುಳಿತುಕೊಂಡಿದ್ದವರು. ಮಗು ಮಾತಿನಲ್ಲಿ ದಿನವೂ ಮಾಡುವುದು ಇದನ್ನೇ.

ಆ ಹುಡುಗಿಗೆ ಒತ್ತು ಕಂಡಾಗ ಹಿಂದಿನ ಅಕ್ಷರದಲ್ಲೇ ಮುಷ್ಟಿ ಬಿಗಿಹಿಡಿಯಲು ಹೇಳಿದೆ. 'ಪುಸ್' ಎಂದು ಹಿಡಿದಳು, 'ತಕ' ಎಂದು ಬಿಟ್ಟಳು, ನಕ್ಕಳು. 'ರಸ್ತೆ', 'ಹಳ್ಳಿ' ತಾನಾಗಿ ಓದಿದಳು. ಒಬ್ಬಳಿಂದ ಸಿದ್ಧಾಂತವಾಗದು, ಒಪ್ಪುತ್ತೇನೆ. 'ಸೂರ್ಯ' ಬಂದಾಗಲೂ ಮುಷ್ಟಿ ಬಿಗಿದೇ ಇತ್ತು. ಬರೆದ ಸಾಲಿನ ಕ್ರಮವನ್ನು ನಂಬಿ ಓದಿದಳು: 'ಸೂಯ್ರ'.