ಕಣ್ಣಿನ ಮಂಜು ಸರಿಯುವ ತನಕ

ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಚಿತ್ರೀಕರಣಕ್ಕೆ ಹೋದಾಗಲೆಲ್ಲ ನಾವು ಮಂಜು ಸರಿಯಲೆಂದು ಕಾದು ಕೂರುತ್ತೇವೆ. ಕ್ಯಾಮೆರಾ ಕೆಟ್ಟಿತೆಂದು ಯಾರೂ ಗಾಬರಿಯಾಗುವುದಿಲ್ಲ. ಆದರೆ ಕೆರಟೋಕೋನಸ್‌ಗೆ ಚಿಕಿತ್ಸೆ ಪಡೆದ ಮಗು "ಮಂಜು ಮಂಜಾಗಿ ಕಾಣುತ್ತೆ" ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕಾರ್ನಿಯಾ. ಅದು ತೆಳುವಾಗುತ್ತ ಶಂಕುವಿನಂತೆ ಉಬ್ಬುವುದೇ ಕೆರಟೋಕೋನಸ್. 1854ರಲ್ಲಿ ಲಿವರ್‌ಪೂಲಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ ಇದನ್ನು ವಿವರವಾಗಿ ಬರೆದಿಟ್ಟರು. ಆ ಬಳಿಕವೂ ಸುಮಾರು ಒಂದೂವರೆ ಶತಮಾನ ರೋಗವನ್ನು ತಡೆದು ನಿಲ್ಲಿಸುವ ಉಪಾಯವಿರಲಿಲ್ಲ. ಕನ್ನಡಕ, ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್, ಕಟ್ಟಕಡೆಗೆ ದಾನಿಯ ಕಾರ್ನಿಯಾ. ನೇತ್ರದಾನವೆಂದರೆ ಚಾಮರಾಜನಗರದ ಸೀಮೆಯವರಿಗೆ ಸಮೀಪದ ಗಾಜನೂರಿನ ಡಾ. ರಾಜ್‌ಕುಮಾರ್ ನೆನಪಾಗುತ್ತಾರೆ. 2006ರಲ್ಲಿ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಮಗ ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು.

ದಾನಿಗಾಗಿ ಕಾಯುವ ಹಂತ ಬರುವ ಮೊದಲೇ ಸ್ವಂತ ಕಾರ್ನಿಯಾವನ್ನು ಉಳಿಸಿಕೊಳ್ಳುವ ದಾರಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತೆರೆಯಿತು. ವೊಲೆನ್ಸಾಕ್, ಸ್ಪೋರ್ಲ್, ಸೈಲರ್ ಎಂಬ ಮೂವರು 2003ರಲ್ಲಿ 22 ರೋಗಿಗಳ ಫಲಿತಾಂಶ ಪ್ರಕಟಿಸಿದರು. ವಿಧಾನದ ಹೆಸರು ಕ್ರಾಸ್ ಲಿಂಕಿಂಗ್. ಕಾರ್ನಿಯಾದ ಮೇಲ್ಪದರ ಸರಿಸಿ, ರೈಬೋಫ್ಲೇವಿನ್ ಹನಿಗಳನ್ನು (ಹಾಲಿನಲ್ಲಿರುವ ಬಿ2 ಜೀವಸತ್ವವೇ!) ಹಾಕಿ, 30 ನಿಮಿಷ ನೇರಳಾತೀತ ಕಿರಣ ಬಿಡುವುದು. ಆಗ ಕೊಲಾಜನ್ ಎಳೆಗಳ ನಡುವೆ ಹೊಸ ಬೆಸುಗೆ ಬಿದ್ದು ಪಟಲ ಗಟ್ಟಿಯಾಗುತ್ತದೆ.

ಮಕ್ಕಳಲ್ಲಿ ಈ ರೋಗ ದೊಡ್ಡವರಿಗಿಂತ ಬೇಗ ಬೆಳೆಯುತ್ತದೆ. ಅಲರ್ಜಿಯಿಂದ ಕಣ್ಣುಜ್ಜುವ ಚಾಳಿ ಬೇರೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮಕ್ಕಳಿಗೆ ಇದೇ ಚಿಕಿತ್ಸೆಯ ತ್ವರಿತ ರೂಪವನ್ನು ಕೊಟ್ಟು, ಎರಡು ವರ್ಷ ಗಮನಿಸಿ, 2014ರಲ್ಲಿ ವರದಿ ಮಾಡಿದರು.

ಇನ್ನು ಆ ಮಂಜಿನ ವಿಷಯ. ಚಿಕಿತ್ಸೆಯಲ್ಲಿ ಕಾರ್ನಿಯಾದ ಕೆಲವು ಜೀವಕೋಶಗಳು ಸಾಯುತ್ತವೆ. ಹೊಸವು ಬಂದು ನೆಲೆಯೂರುವ ತನಕ ಒಳಹೊಕ್ಕ ಬೆಳಕು ಚದುರುತ್ತದೆ. ಮೊದಲ ಮೂರು ತಿಂಗಳು ಮಸುಕು ಹೆಚ್ಚು. ಆಮೇಲೆ ಇಳಿಯುತ್ತ, ಹೆಚ್ಚಿನವರಲ್ಲಿ ವರ್ಷದೊಳಗೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಚದುರಿದ ಬೆಳಕನ್ನು ಅಳೆಯುವ ಕ್ಯಾಮೆರಾಕ್ಕೆ ಶೈಮ್‌ಫ್ಲಗ್ ಎಂಬ ಹೆಸರು. ಆತ ನೇತ್ರವೈದ್ಯನಲ್ಲ, ಆಗಸದಿಂದ ನೆಲದ ಚಿತ್ರ ತೆಗೆಯುತ್ತಿದ್ದ ಆಸ್ಟ್ರಿಯಾದ ಸೈನ್ಯಾಧಿಕಾರಿ! ಕ್ಯಾಮೆರಾ ಹಿಡಿಯುವ ನಮ್ಮಂಥವರಿಗೆ ಇದೊಂದು ಹೆಮ್ಮೆ.

ಎಲ್ಲ ಮಸುಕೂ ತಾನಾಗಿ ಹೋಗುವಂಥದ್ದಲ್ಲ. ಸೋಂಕು ತಗಲಿದರೆ ಅಥವಾ ಕಲೆ ಉಳಿದರೆ ಅದನ್ನು ವೈದ್ಯರೇ ಗುರುತಿಸಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್, ಬೆಂಗಳೂರಿಗೆ ಅದರ ಮೂರು ಪಟ್ಟಿಗೂ ಹೆಚ್ಚು. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಮಗುವಿನ ಶಾಲೆ ಇವನ್ನೆಲ್ಲ ಲೆಕ್ಕ ಹಾಕಿದ ಮನೆಯಲ್ಲಿ ಮೂರನೆಯ ತಿಂಗಳ ತಪಾಸಣೆಯೇ ಮೊದಲು ತಪ್ಪಿಹೋಗುತ್ತದೆ.